ಇತಿಹಾಸದ ತರಗತಿಯಲ್ಲಿ ಆಲೋಚನೆಗೆ ಜಾಗ: ಮಲೆನಾಡಿನ ಸಮಾಜ ವಿಜ್ಞಾನ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆ ಮತ್ತು ಅದರ ಸುತ್ತಲಿನ ಮಲೆನಾಡಿನ ಪ್ರೌಢಶಾಲೆಗಳಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗೆ ಇತಿಹಾಸ ಬೋಧಿಸುವವರನ್ನು ಗಮನದಲ್ಲಿಟ್ಟುಕೊಂಡು ಈ ಪ್ರಶ್ನೋತ್ತರಗಳನ್ನು ಸಿದ್ಧಪಡಿಸಲಾಗಿದೆ. ಉದಾಹರಣೆಗಳನ್ನು ಆದಷ್ಟೂ ಈ ನೆಲದಿಂದಲೇ ಆರಿಸಿಕೊಂಡಿರುವುದಕ್ಕೆ ಕಾರಣ ಸರಳವಾದದ್ದು: ಆಧಾರವೊಂದು ಬಸ್ಸಿನಲ್ಲಿ ಒಂದು ಗಂಟೆಯ ದೂರದಲ್ಲಿದ್ದರೆ, ಪುಸ್ತಕ ಹೇಳಿದ್ದು ನಿಜವೇ ಎಂದು ಮಕ್ಕಳು ಹೋಗಿ ನೋಡಿ ಬರಬಲ್ಲರು.

ಇತಿಹಾಸದಲ್ಲಿ ಉನ್ನತ ಮಟ್ಟದ ಆಲೋಚನೆ ಎಂದರೆ ನಿರ್ದಿಷ್ಟವಾಗಿ ಏನು?

ಬಿ.ಎಡ್. ತರಬೇತಿಯಲ್ಲಿ ಎಲ್ಲರೂ ಓದಿರುವ ಬೆಂಜಮಿನ್ ಬ್ಲೂಮ್ ಅವರ ವರ್ಗೀಕರಣ 1956ರಲ್ಲಿ ಪ್ರಕಟವಾಯಿತು. 2001ರ ಪರಿಷ್ಕೃತ ರೂಪದಲ್ಲಿ ನೆನಪಿಟ್ಟುಕೊಳ್ಳುವುದು, ಅರ್ಥಮಾಡಿಕೊಳ್ಳುವುದು, ಅನ್ವಯಿಸುವುದು ಕೆಳಗಿನ ಮೆಟ್ಟಿಲುಗಳಾಗಿಯೂ, ವಿಶ್ಲೇಷಿಸುವುದು, ಮೌಲ್ಯಮಾಪನ ಮಾಡುವುದು, ಸೃಷ್ಟಿಸುವುದು ಮೇಲಿನವಾಗಿಯೂ ನಿಂತವು. ಎಲ್ಲ ವಿಷಯಗಳಿಗೂ ಹೊಂದುವಂತೆ ಮಾಡಿದ ಚೌಕಟ್ಟಾದ್ದರಿಂದ ಇತಿಹಾಸಕ್ಕೇ ಬೇಕಾದ ಕೆಲಸ ಯಾವುದು ಎಂಬುದನ್ನು ಅದು ಹೇಳುವುದಿಲ್ಲ. ಆ ಕೊರತೆಯನ್ನು ತುಂಬಿದವರಲ್ಲಿ ಅಮೆರಿಕದ ಸ್ಯಾಮ್ ವೈನ್‌ಬರ್ಗ್ ಪ್ರಮುಖರು. ಅವರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇತಿಹಾಸಕಾರರಿಗೂ ಪ್ರೌಢಶಾಲಾ ವಿದ್ಯಾರ್ಥಿಗಳಿಗೂ ಒಂದೇ ಯುದ್ಧದ ಕುರಿತ ಅವೇ ದಾಖಲೆಗಳನ್ನು ಕೊಟ್ಟು ಓದಿಸಿದ್ದರು. ವಿದ್ಯಾರ್ಥಿಗಳು ಮೇಲಿನಿಂದ ಕೆಳಕ್ಕೆ ನೇರವಾಗಿ ಓದಿಕೊಂಡು ಹೋದರೆ, ಇತಿಹಾಸಕಾರರು ಮೊದಲು ಇದನ್ನು ಬರೆದವರಾರು, ಯಾವಾಗ ಬರೆದರು ಎಂದು ನೋಡಿ, ಬಳಿಕ ಒಂದು ದಾಖಲೆಯನ್ನು ಇನ್ನೊಂದರ ಪಕ್ಕಕ್ಕಿಟ್ಟು ತಾಳೆ ನೋಡಿದರು, ಆ ಕಾಲದ ಸಂದರ್ಭದೊಳಗೆ ಅದನ್ನು ಇರಿಸಿ ಅರ್ಥಮಾಡಿಕೊಂಡರು. ನಮ್ಮ ತರಗತಿಗೆ ಬೇಕಾದದ್ದೂ ಇದೇ. ‘ವಿವರಿಸಿ’ ಎಂಬ ಪದದ ಜಾಗದಲ್ಲಿ ‘ವಿಶ್ಲೇಷಿಸಿ’ ಎಂದು ಬರೆದ ಮಾತ್ರಕ್ಕೆ ಪ್ರಶ್ನೆಯ ಮಟ್ಟ ಏರುವುದಿಲ್ಲ. ಮಗುವಿನ ಮುಂದೆ ಆಧಾರವಿದ್ದು, ‘ಇದು ನಮಗೆ ಹೇಗೆ ಗೊತ್ತು?’ ಎಂದು ಕೇಳಿದಾಗ ಅದು ಏರುತ್ತದೆ.

ಮಕ್ಕಳಿಗೆ ಮೂಲ ವಿಷಯವೇ ಗೊತ್ತಿರುವುದಿಲ್ಲ. ಮೊದಲು ಅದನ್ನು ಕಲಿಸಬೇಡವೇ?

ಕಲಿಸಲೇಬೇಕು. ಇಸವಿ, ಹೆಸರು, ಸ್ಥಳಗಳನ್ನು ಕಂಠಪಾಠವೆಂದು ಹೀಗಳೆಯುವ ಮಾತು ತರಬೇತಿಗಳಲ್ಲಿ ಬಹಳ ಕೇಳಿಬರುತ್ತದೆ, ಆದರೆ ಏನೂ ಗೊತ್ತಿಲ್ಲದ ಮಗು ಯೋಚಿಸುವುದಾದರೂ ಯಾವುದರ ಬಗ್ಗೆ? ತಕರಾರಿರುವುದು ‘ಮೊದಲು’ ಎಂಬಲ್ಲಿ. ವಿಷಯವನ್ನೆಲ್ಲ ಮುಗಿಸಿ ಆಮೇಲೆ ಆಲೋಚನೆಗೆ ಬರುತ್ತೇವೆ ಎಂದುಕೊಂಡರೆ ಆ ಆಮೇಲೆ ಮಾರ್ಚ್ ತಿಂಗಳವರೆಗೂ ಬರುವುದಿಲ್ಲ. ಎರಡೂ ಒಟ್ಟಿಗೆ ಸಾಗಬೇಕು.

1830–31ರ ನಗರ ದಂಗೆಯನ್ನು ತೆಗೆದುಕೊಳ್ಳೋಣ. ನಗರ ಪ್ರಾಂತದ ರೈತರು ಕೂಟ ಸೇರಿ ಕಂದಾಯದ ವಿರುದ್ಧ ನಿಂತದ್ದು, ಕೆಳದಿ ಮನೆತನದ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪ ಮುಂದಾಳಾದದ್ದು, 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ತೆಗೆದುಕೊಂಡದ್ದು, 1881ರಲ್ಲಿ ಅದು ಮರಳಿ ಒಡೆಯರ ವಂಶಕ್ಕೆ ಬಂದದ್ದು, ಇವಿಷ್ಟು ಮಕ್ಕಳಿಗೆ ತಿಳಿದಿರಬೇಕಾದ ಸಂಗತಿಗಳು. ಇವನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿ, ಕಾರಣಗಳನ್ನು ಬೇರೆ ಬೇರೆ ಚೀಟಿಗಳಲ್ಲಿ ಬರೆದು ಕೊಡಬಹುದು: ಇಷ್ಟು ಕಂದಾಯ ಸಂಗ್ರಹಿಸಿಯೇ ತೀರುತ್ತೇನೆಂದು ಅಮಲ್ದಾರ (ತಾಲ್ಲೂಕಿನ ಕಂದಾಯ ಅಧಿಕಾರಿ) ಬರೆದುಕೊಡುತ್ತಿದ್ದ ಶರತ್ತಿನ ಪದ್ಧತಿ, ಅಧಿಕಾರಿಗಳ ಮತ್ತು ಹಳ್ಳಿಯ ಮುಖಂಡರ ನಡುವಿನ ವೈಷಮ್ಯ, ಹಳೆಯ ರಾಜಮನೆತನದ ನೆನಪು, ದಟ್ಟ ಕಾಡಿನ ಆಶ್ರಯ. ಇವುಗಳಲ್ಲಿ ಯಾವುದನ್ನು ತೆಗೆದುಹಾಕಿದರೆ ದಂಗೆ ಏಳುತ್ತಲೇ ಇರಲಿಲ್ಲ, ಯಾವುದನ್ನು ತೆಗೆದರೆ ಎದ್ದರೂ ಬೇಗ ಅಡಗುತ್ತಿತ್ತು ಎಂದು ಮಕ್ಕಳು ಚೀಟಿಗಳನ್ನು ಜೋಡಿಸುವಾಗ, ಸಂಗತಿಗಳು ಪ್ರತ್ಯೇಕವಾಗಿ ಉರುಹೊಡೆಯದೆಯೇ ಮನಸ್ಸಿನಲ್ಲಿ ನಿಲ್ಲುತ್ತವೆ.

ನಲವತ್ತು ನಿಮಿಷದ ಒಂದು ಅವಧಿಯಲ್ಲಿ ಇದನ್ನು ಮಾಡುವುದು ಹೇಗೆ?

ಒಂದು ಅವಧಿಗೆ ಒಂದೇ ಪ್ರಶ್ನೆ, ಎರಡೇ ಆಧಾರ. ಇದಕ್ಕಿಂತ ಹೆಚ್ಚು ಇಟ್ಟುಕೊಂಡರೆ ಗಂಟೆ ಬಾರಿಸುವ ಹೊತ್ತಿಗೆ ಯಾವುದೂ ಮುಗಿದಿರುವುದಿಲ್ಲ.

ಕದಂಬರ ಪಾಠದ ಉದಾಹರಣೆ ನೋಡಬಹುದು. ಮಯೂರಶರ್ಮ ವಿದ್ಯಾರ್ಥಿಯಾಗಿ ಕಂಚಿಯ ಘಟಿಕಾಸ್ಥಾನಕ್ಕೆ (ಉನ್ನತ ವಿದ್ಯಾಕೇಂದ್ರಕ್ಕೆ) ಹೋದದ್ದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾಗಿ ಅವಮಾನಿತನಾದದ್ದು, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದು ರಾಜ್ಯ ಕಟ್ಟಿದ್ದು ಎಲ್ಲ ಮಕ್ಕಳಿಗೂ ಇಷ್ಟವಾಗುವ ಕಥೆ. ಈ ಕಥೆ ನಮಗೆ ತಿಳಿದಿರುವುದು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿನ ಸ್ತಂಭಶಾಸನದಿಂದ. ಅದನ್ನು ಸಂಸ್ಕೃತ ಪದ್ಯಗಳಲ್ಲಿ ರಚಿಸಿದವನು ಕವಿ ಕುಬ್ಜ. ಬರೆಸಿದವನು ಮಯೂರನಿಗಿಂತ ಕೆಲವು ತಲೆಮಾರು ಈಚಿನ ಶಾಂತಿವರ್ಮ. ಬರೆಸಿದ ಸಂದರ್ಭ ಅವನ ತಂದೆ ಕಾಕುಸ್ಥವರ್ಮ ಕಟ್ಟಿಸಿದ ಕೆರೆ. ಅಂದರೆ ಘಟನೆಗೂ ಬರಹಕ್ಕೂ ನಡುವೆ ಸರಿಸುಮಾರು ಒಂದು ಶತಮಾನವಿದೆ. ಮೊದಲ ಹತ್ತು ನಿಮಿಷದಲ್ಲಿ ಈ ಶಾಸನದ ಸರಳ ಕನ್ನಡ ರೂಪವನ್ನು ಏಳೆಂಟು ಸಾಲುಗಳಲ್ಲಿ ಓದಿಸಬೇಕು, ಆದರೆ ಬರೆದವರಾರು ಎಂಬುದನ್ನು ಹೇಳಬಾರದು. ‘ಈ ಕಥೆಯನ್ನು ನಂಬುತ್ತೀರಾ?’ ಎಂದು ಕೇಳಿ ಕೈ ಎತ್ತಿಸಿದರೆ ಸಾಮಾನ್ಯವಾಗಿ ಎಲ್ಲ ಕೈಗಳೂ ಮೇಲೇಳುತ್ತವೆ. ಆಗ ಕವಿ, ದೊರೆ, ಕಾಲ ಇವನ್ನು ಕಪ್ಪುಹಲಗೆಯ ಮೇಲೆ ಬರೆದು ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕು. ತನ್ನ ಪೂರ್ವಜನ ಬಗ್ಗೆ ಒಬ್ಬ ದೊರೆ ಏನನ್ನು ಬರೆಸಲು ಬಯಸುತ್ತಾನೆ? ಇದೇ ಜಗಳವನ್ನು ಪಲ್ಲವರ ಕಡೆಯವರು ಬರೆದಿದ್ದರೆ ಹೇಗೆ ಬರೆಯುತ್ತಿದ್ದರು?

ಎರಡನೆಯ ಆಧಾರವಾಗಿ ಚಿತ್ರದುರ್ಗದ ಚಂದ್ರವಳ್ಳಿಯ ಶಾಸನವನ್ನು ತರಬಹುದು. ಮಯೂರಶರ್ಮನದೇ ಕಾಲದ್ದೆಂದು ವಿದ್ವಾಂಸರು ಗುರುತಿಸಿರುವ ಈ ಚಿಕ್ಕ ಪ್ರಾಕೃತ ಶಾಸನ ಅವನು ಕೆರೆ ಮಾಡಿಸಿದ್ದನ್ನೂ ಸೋಲಿಸಿದ ಅರಸರನ್ನೂ ಹೇಳುತ್ತದೆ. ಕಂಚಿಯ ಜಗಳದ ಮಾತೆತ್ತುವುದಿಲ್ಲ. ಹಾಗಾದರೆ ಜಗಳವೇ ಸುಳ್ಳೇ? ಇಲ್ಲಿ ಮಕ್ಕಳು ಎರಡೂ ತುದಿಗೆ ಜಿಗಿಯುತ್ತಾರೆ, ಮತ್ತು ಶಿಕ್ಷಕರ ನಿಜವಾದ ಕೆಲಸ ಶುರುವಾಗುವುದು ಆಗಲೇ. ಒಂದು ಆಧಾರ ಮೌನವಾಗಿದ್ದರೆ ಅದು ನಿರಾಕರಣೆಯಾಗುವುದಿಲ್ಲ, ಒಂದೇ ಆಧಾರದಲ್ಲಿರುವ ಕಥೆ ಆ ಕಾರಣಕ್ಕೇ ಕಟ್ಟುಕಥೆಯೂ ಆಗುವುದಿಲ್ಲ. ಕೊನೆಯ ಎಂಟು ನಿಮಿಷದಲ್ಲಿ ‘ನಮಗೆ ಖಚಿತವಾಗಿ ಗೊತ್ತಿರುವುದು’, ‘ಬಹುಶಃ ನಡೆದದ್ದು’, ‘ಹೇಳಲಾಗದ್ದು’ ಎಂದು ಮೂರು ವಾಕ್ಯಗಳನ್ನು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆದರೆ ಆ ದಿನಕ್ಕೆ ಸಾಕು.

ಸಂಸ್ಕೃತ, ಪ್ರಾಕೃತ, ಹಳೆಗನ್ನಡದ ಶಾಸನಗಳು ಮಕ್ಕಳಿಗೆ ಅರ್ಥವಾಗುತ್ತವೆಯೇ?

ಮೂಲರೂಪದಲ್ಲಿ ಅರ್ಥವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಸರಳ ಹೊಸಗನ್ನಡದಲ್ಲಿ ಬರೆದುಕೊಟ್ಟು, ಇದು ಸರಳಗೊಳಿಸಿದ ರೂಪವೆಂದು ಹಾಳೆಯ ಮೇಲೆಯೇ ಸೂಚಿಸಬೇಕು. ಕನ್ನಡ ಶಾಸನವಾದರೆ ಮೂಲದ ಒಂದೆರಡು ಸಾಲುಗಳನ್ನು ಹಾಗೆಯೇ ಉಳಿಸುವುದು ಒಳ್ಳೆಯದು, ಏಕೆಂದರೆ ‘ಇದು ನಮ್ಮ ಭಾಷೆಯೇ’ ಎಂಬ ಬೆರಗು ಆ ಸಾಲುಗಳಲ್ಲೇ ಇರುತ್ತದೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಏಳು ಮತ್ತು ಎಂಟನೆಯ ಸಂಪುಟಗಳು ಶಿವಮೊಗ್ಗ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿವೆ, ಮತ್ತು ಅವು ತಾಲ್ಲೂಕುವಾರು ಜೋಡಣೆಯಲ್ಲಿರುವುದರಿಂದ ನಿಮ್ಮ ಶಾಲೆಯ ಆಸುಪಾಸಿನ ಊರುಗಳನ್ನು ಹುಡುಕುವುದು ಕಷ್ಟವಲ್ಲ.

ನಮ್ಮೂರಿನಲ್ಲಿ ಶಾಸನವೂ ಇಲ್ಲ, ಕೋಟೆಯೂ ಇಲ್ಲ. ಏನು ಮಾಡಬೇಕು?

ಮಲೆನಾಡಿನ ಬಹುತೇಕ ಊರುಗಳಲ್ಲಿ ಒಂದು ವೀರಗಲ್ಲೋ ಮಾಸ್ತಿಕಲ್ಲೋ ಗದ್ದೆಯ ಬದುವಿನಲ್ಲಿ, ದೇವಸ್ಥಾನದ ಹಿಂದೆ, ಇಲ್ಲವೇ ಹಳ್ಳದ ದಂಡೆಯಲ್ಲಿ ನಿಂತಿರುತ್ತದೆ. ಅಕ್ಷರವಿಲ್ಲದ ಕಲ್ಲನ್ನು ಓದಿಸುವುದು ಎಂಟನೆಯ ತರಗತಿಗೆ ಅತ್ಯುತ್ತಮ ಅಭ್ಯಾಸ, ಏಕೆಂದರೆ ಅಲ್ಲಿ ಚೆನ್ನಾಗಿ ಓದುವ ಮಗುವಿಗೂ ತಡವರಿಸುವ ಮಗುವಿಗೂ ಅಂತರವಿರುವುದಿಲ್ಲ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ: ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ದೇವರ ಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರರು. ಮೊದಲು ಕಾಣುವುದನ್ನಷ್ಟೇ ಹೇಳಿಸಬೇಕು, ಊಹೆಗೆ ಅವಕಾಶ ಆಮೇಲೆ. ಕೆಳಗಿನ ಪಟ್ಟಿಕೆಯಲ್ಲಿ ದನಗಳಿವೆಯೇ? ಇದ್ದರೆ ಅದು ತುರುಗೋಳಿನ, ಅಂದರೆ ದನಗಳ ಸುಲಿಗೆಯ, ಕಾಳಗವಿರಬಹುದು, ಹಾಗಿದ್ದರೆ ಆ ಕಾಲದಲ್ಲಿ ಸಂಪತ್ತೆಂದರೆ ಏನಾಗಿತ್ತು? ಆಯುಧ ಯಾವುದು? ಈ ಕಲ್ಲು ನೆಡಿಸಲು ತಗಲಿದ ಖರ್ಚನ್ನು ಯಾರು ಕೊಟ್ಟಿರಬಹುದು? ಅದೇ ಕಾಳಗದಲ್ಲಿ ಸತ್ತೂ ಕಲ್ಲು ಸಿಗದವರು ಯಾರಿರಬಹುದು? ಈ ಕೊನೆಯ ಪ್ರಶ್ನೆಗೆ ಕಲ್ಲಿನಲ್ಲಿ ಉತ್ತರವಿಲ್ಲ ಎಂಬುದನ್ನು ಮಕ್ಕಳೇ ಕಂಡುಕೊಳ್ಳುವುದು ಪಾಠದ ಉದ್ದೇಶಗಳಲ್ಲೊಂದು.

ಕಲ್ಲೂ ಸಿಗದಿದ್ದರೆ ಮನೆಯ ಕಬ್ಬಿಣದ ಪೆಟ್ಟಿಗೆಯಿದೆ. ಅಜ್ಜನ ಕಾಲದ ಗೇಣಿ ಚೀಟಿ, ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರು ಸಲ್ಲಿಸಿದ ಫಾರಂ ನಂಬರ್ 7ರ ಪ್ರತಿ, ಹಳೆಯ ಪಹಣಿ, ಅಡಿಕೆ ಮಂಡಿಯ ಲೆಕ್ಕದ ಪುಸ್ತಕ ಇವೆಲ್ಲ ಆಧಾರಗಳೇ. ಇಂಥ ಕಾಗದಗಳನ್ನು ಶಾಲೆಗೆ ತರಿಸದೆ, ಮನೆಯವರ ಒಪ್ಪಿಗೆ ಪಡೆದು ಅಲ್ಲಿಯೇ ನೋಡಿ ಬರೆದುಕೊಂಡು ಬರುವಂತೆ ಹೇಳುವುದು ಕ್ಷೇಮ.

ಹಿರಿಯರನ್ನು ಮಾತನಾಡಿಸಿ ಬರೆದದ್ದು ಇತಿಹಾಸವಾಗುತ್ತದೆಯೇ?

ತಾಳೆ ನೋಡಿದರೆ ಆಗುತ್ತದೆ. ಸಾಗರ, ಹೊಸನಗರ ತಾಲ್ಲೂಕುಗಳ ಶಾಲೆಗಳಿಗೆ ಶರಾವತಿಯ ಮುಳುಗಡೆಗಿಂತ ಹತ್ತಿರದ ವಿಷಯವಿಲ್ಲ. ಮೊದಲು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು, ಬಳಿಕ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ. ಈ ಎರಡನೆಯದರ ಹಿನ್ನೀರಿನಲ್ಲಿ ಮೊದಲನೆಯ ಅಣೆಕಟ್ಟೇ ಮುಳುಗಿತು, ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಇಂದಿಗೂ ಕಾಣಿಸಿಕೊಳ್ಳುತ್ತದೆ. ಮನೆ, ಗದ್ದೆ, ತೋಟ ಬಿಟ್ಟು ಲಾರಿ ಹತ್ತಿದವರ ಮಕ್ಕಳು ಮೊಮ್ಮಕ್ಕಳು ಜಿಲ್ಲೆಯ ಅನೇಕ ತಾಲ್ಲೂಕುಗಳಲ್ಲಿ ಹರಡಿದ್ದಾರೆ. ಒಂದೇ ಊರಿನಿಂದ ಎದ್ದುಬಂದ ಇಬ್ಬರು ಹಿರಿಯರನ್ನು ಬೇರೆ ಬೇರೆ ಮಕ್ಕಳು ಮಾತನಾಡಿಸಿ ಬಂದರೆ, ಎರಡು ನೆನಪುಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದೇ ಒಂದು ವಾರದ ಪಾಠ. ಜಮೀನಿನ ಒಡೆಯನಾಗಿದ್ದವನಿಗೂ ಗೇಣಿಗೆ ಮಾಡುತ್ತಿದ್ದವನಿಗೂ ಕೂಲಿಗೆ ಹೋಗುತ್ತಿದ್ದವಳಿಗೂ ಅದೇ ಮುಳುಗಡೆ ಒಂದೇ ಆಗಿರಲಿಲ್ಲ. ಅದೇ ನೀರಿನಿಂದ ರಾಜ್ಯಕ್ಕೆ ಬೆಳಕು ಬಂದದ್ದೂ ಸತ್ಯ, ಹಿನ್ನೀರಿನ ದಡದ ಹಳ್ಳಿಗಳು ದೀರ್ಘಕಾಲ ಲಾಂಚನ್ನೇ ನಂಬಿಕೊಂಡಿದ್ದುದೂ ಸತ್ಯ. ಇವೆರಡನ್ನೂ ಒಂದೇ ಉತ್ತರದಲ್ಲಿ ಇರಿಸಲು ಕಲಿತ ವಿದ್ಯಾರ್ಥಿ ಭಾಕ್ರಾ ನಂಗಲ್ ಕುರಿತ ಪಠ್ಯವನ್ನೂ ಬೇರೆ ಕಣ್ಣಿನಿಂದ ಓದುತ್ತಾನೆ.

ಹೋಗುವ ಮುಂಚೆ ಐದಾರು ಪ್ರಶ್ನೆಗಳನ್ನು ತರಗತಿಯಲ್ಲೇ ತಯಾರಿಸಿ, ‘ನಿಮಗೆ ಬೇಸರವಾಗಲಿಲ್ಲವೇ?’ ಎಂಬಂಥ, ಉತ್ತರವನ್ನು ಬಾಯಿಗೆ ಇಟ್ಟುಕೊಡುವ ಪ್ರಶ್ನೆಗಳನ್ನು ಮಕ್ಕಳಿಂದಲೇ ತೆಗೆಸಬೇಕು. ಹಿರಿಯರು ಅತ್ತರೆ ಅಥವಾ ಮಾತು ನಿಲ್ಲಿಸಿದರೆ ಅಲ್ಲಿಗೆ ಸಂದರ್ಶನ ಮುಗಿಯಿತು ಎಂದೂ ಮೊದಲೇ ಹೇಳಿರಬೇಕು.

ಗೌರವದಿಂದ ಕಾಣುವ ವ್ಯಕ್ತಿಗಳ ಬಗ್ಗೆ ಭಿನ್ನ ಆಧಾರಗಳಿದ್ದರೆ ಪಾಲಕರು ಆಕ್ಷೇಪಿಸುವುದಿಲ್ಲವೇ?

ಆಕ್ಷೇಪ ಬರುವ ಸಾಧ್ಯತೆ ಇದ್ದೇ ಇದೆ, ಆದರೆ ಬಹುಮಟ್ಟಿಗೆ ಅದು ಶಿಕ್ಷಕರು ಆಧಾರವನ್ನು ತೋರಿಸದೆ ತೀರ್ಪನ್ನು ಮಾತ್ರ ಹೇಳಿದಾಗ ಬರುತ್ತದೆ. ಕೆಳದಿಯ ಚೆನ್ನಮ್ಮಾಜಿಯ ಪಾಠವನ್ನೇ ನೋಡಿ. ಔರಂಗಜೇಬನ ಸೇನೆಯಿಂದ ತಪ್ಪಿಸಿಕೊಂಡು 1689ರಲ್ಲಿ ಜಿಂಜಿಯತ್ತ ಹೊರಟ ಶಿವಾಜಿಯ ಮಗ ರಾಜಾರಾಮನಿಗೆ ಆಕೆ ಆಶ್ರಯ ಕೊಟ್ಟಳು ಎಂಬುದರಲ್ಲಿ ಎರಡೂ ಕಡೆಯ ಬರಹಗಳಿಗೆ ಒಮ್ಮತವಿದೆ. ಮುಂದೇನಾಯಿತು ಎಂಬಲ್ಲಿ ಇಲ್ಲ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಮುಂತಾದ ಕೆಳದಿಯ ಪರಂಪರೆ ಅದನ್ನು ರಾಣಿಯ ಗೆಲುವಾಗಿ ಹೇಳಿದರೆ, ಮೊಗಲರ ಕಡೆಯ ಬರಹಗಳನ್ನು ಆಧರಿಸಿದ ಇತಿಹಾಸಕಾರರು ಸಣ್ಣ ದಂಡ ತೆತ್ತು ಮುಗಿಸಿದ ಸಂಧಾನವೆನ್ನುತ್ತಾರೆ. ಇಬ್ಬರಿಗೂ ತಮ್ಮ ದೊರೆಯ ಮಾನ ಉಳಿಸುವ ಕಾರಣವಿತ್ತು ಎಂಬುದನ್ನು ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಸುಲಭವಾಗಿ ಕಂಡುಹಿಡಿಯಬಲ್ಲಳು. ಇದರಿಂದ ಚೆನ್ನಮ್ಮಾಜಿಯ ಧೈರ್ಯ ಕುಗ್ಗುವುದಿಲ್ಲ; ಗೆಲುವು ಖಚಿತವಿಲ್ಲದಿದ್ದಾಗಲೂ ಆಶ್ರಯ ಕೊಟ್ಟಳೆಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಾಗೋಡು, ಈಸೂರಿನಂಥ ವಿಷಯಗಳಲ್ಲಿ ತರಗತಿಯೇ ಎರಡು ಭಾಗವಾದರೆ?

ಇದು ಈ ಪಟ್ಟಿಯಲ್ಲೇ ಅತ್ಯಂತ ಕಷ್ಟದ ಪ್ರಶ್ನೆ. 1951ರ ಕಾಗೋಡು ಸತ್ಯಾಗ್ರಹ ಗೇಣಿ ಅಳೆಯುವ ಕೊಳಗದ ಗಾತ್ರದಂಥ ತಕರಾರುಗಳಿಂದ ಬೆಳೆದು, ಎಚ್. ಗಣಪತಿಯಪ್ಪನವರ ಸಂಘಟನೆ, ಶಾಂತವೇರಿ ಗೋಪಾಲಗೌಡರ ನಾಯಕತ್ವ, ರಾಮಮನೋಹರ ಲೋಹಿಯಾ ಅವರ ಬಂಧನ ಇವುಗಳಿಂದಾಗಿ ದೇಶದ ಗಮನ ಸೆಳೆದ ರೈತ ಹೋರಾಟ. ಗೇಣಿದಾರರ ಮೊಮ್ಮಕ್ಕಳೂ ಜಮೀನಿನ ಒಡೆಯರ ಮೊಮ್ಮಕ್ಕಳೂ ಇಂದು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಇಲ್ಲಿ ‘ಪರ–ವಿರೋಧ’ ಚರ್ಚಾಸ್ಪರ್ಧೆ ಏರ್ಪಡಿಸುವುದು ಅವಿವೇಕ. ಮನೆತನ ನೋಡಿ ಪಕ್ಷ ಹಂಚಿದಂತಾಗುತ್ತದೆ, ಗೆಲ್ಲುವ ಹಟದಲ್ಲಿ ಆಧಾರ ಮರೆತುಹೋಗುತ್ತದೆ. ಅದರ ಬದಲು ಎಲ್ಲರೂ ಎರಡೂ ಕಡೆಯ ವಾದವನ್ನು ಆಧಾರಸಹಿತ ಬರೆಯಬೇಕು, ಆಮೇಲೆ ಮಾತ್ರ ತಮ್ಮ ನಿಲುವನ್ನು ಹೇಳಬೇಕು. ಪ್ರಶ್ನೆಯೂ ‘ಯಾರು ಸರಿ?’ ಎಂದಿರಬಾರದು. 1951ರ ಸತ್ಯಾಗ್ರಹದಿಂದ 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯವರೆಗೆ ಏನು ಬದಲಾಯಿತು, ಏನು ಹಾಗೆಯೇ ಉಳಿಯಿತು ಎಂದು ಕೇಳಿದರೆ ಮಾತು ಮನೆತನಗಳಿಂದ ವ್ಯವಸ್ಥೆಯತ್ತ ತಿರುಗುತ್ತದೆ.

ಈಸೂರಿನದು ಬೇರೆ ರೀತಿಯ ತೊಡಕು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆ ಎಲ್ಲರಿಗೂ ಗೊತ್ತು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಊರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡದ್ದೂ ಗೊತ್ತು. ಆ ಸೆಪ್ಟೆಂಬರಿನ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸತ್ತರು, 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಅಹಿಂಸೆಯ ಚಳವಳಿಯೊಳಗೆ ಇದು ಹೇಗೆ ನಡೆಯಿತು ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಆ ಪ್ರಶ್ನೆಯನ್ನು ದೇಶಾಭಿಮಾನದ ಭಾಷಣದಿಂದ ಮುಚ್ಚಬಾರದು. ನಾಯಕರೆಲ್ಲ ಸೆರೆಮನೆಯಲ್ಲಿದ್ದ ತಿಂಗಳುಗಳು ಅವು ಎಂಬ ಸಂದರ್ಭವನ್ನು ಮುಂದಿಟ್ಟು, ಘಟನೆಗಳ ಕ್ರಮವನ್ನು ಮಕ್ಕಳಿಂದಲೇ ಜೋಡಿಸಿ, ಅದೇ ಘಟನೆಯನ್ನು ಅಂದಿನ ಸರ್ಕಾರಿ ವರದಿ ಯಾವ ಹೆಸರಿನಿಂದ ಕರೆದಿರಬಹುದು, ಊರಿನ ಲಾವಣಿ ಯಾವ ಹೆಸರಿನಿಂದ ಕರೆಯಬಹುದು ಎಂದು ಕೇಳಬಹುದು.

ಪಾತ್ರಾಭಿನಯ, ಏಕಪಾತ್ರ, ‘ನಾನು ಶಿವಪ್ಪನಾಯಕನಾಗಿದ್ದರೆ’ ಎಂಬ ಬರಹಗಳು ಉಪಯುಕ್ತವೇ?

ಉತ್ಸಾಹಕ್ಕೆ ಉಪಯುಕ್ತ, ಆಲೋಚನೆಗೆ ಅಷ್ಟಾಗಿ ಅಲ್ಲ. ಆಧಾರವಿಲ್ಲದೆ ಬರೆದ ಇಂಥ ಉತ್ತರದಲ್ಲಿ ಮಗು ಹದಿನೇಳನೆಯ ಶತಮಾನದ ಬಾಯಲ್ಲಿ ತನ್ನದೇ ಇಂದಿನ ಮಾತನ್ನಾಡಿಸುತ್ತದೆ. ಮಾಡಿಸಲೇಬೇಕೆಂದಿದ್ದರೆ, ಪ್ರತಿ ಸಂಭಾಷಣೆಗೂ ಯಾವ ಆಧಾರದಿಂದ ಬಂತು ಎಂಬುದನ್ನು ಅಂಚಿನಲ್ಲಿ ಬರೆಯಿಸಿ.

ಗುಂಪು ಚಟುವಟಿಕೆಯಲ್ಲಿ ಒಬ್ಬರು ಬರೆಯುತ್ತಾರೆ, ಉಳಿದವರು ಮಾತನಾಡುತ್ತಾರೆ. ಪರಿಹಾರವೇನು?

ನಾಲ್ವರ ಗುಂಪಿಗೆ ಒಂದೇ ಹಾಳೆ ಕೊಡದೆ ನಾಲ್ಕು ಬೇರೆ ಬೇರೆ ತುಣುಕುಗಳನ್ನು ಕೊಡಬೇಕು. ಎಲ್ಲ ತುಣುಕುಗಳು ಕೂಡದೆ ಉತ್ತರ ಹೊಳೆಯದಂತೆ ಪ್ರಶ್ನೆ ಇರಬೇಕು. ಈ ವಿಷಯದಲ್ಲಿ ನಮ್ಮದೇ ಸೀಮೆಯ ಒಂದು ದಾಖಲೆ ಸ್ವಾರಸ್ಯಕರವಾಗಿದೆ. ಪೋರ್ಚುಗೀಸರ ರಾಯಭಾರದ ಜೊತೆಗೆ ಕೆಳದಿಯ ದೊರೆ ವೆಂಕಟಪ್ಪನಾಯಕನ ಆಸ್ಥಾನಕ್ಕೆ 1623ರಲ್ಲಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ದೇವಾಲಯದ ಮುಖಮಂಟಪದಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಮರಳು ಹರಡಿಕೊಂಡು, ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ತನ್ನ ಪತ್ರದಲ್ಲಿ ವರ್ಣಿಸಿದ್ದಾನೆ. ಗುರುಗಳಿಲ್ಲದೆ ತಪ್ಪಿದರೆ ತಿದ್ದುವವರಾರು ಎಂದು ಅವನು ಕೇಳಿದ್ದಕ್ಕೆ, ನಾಲ್ವರೂ ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲವಾದ್ದರಿಂದ ಒಬ್ಬನು ತಪ್ಪಿದರೆ ಉಳಿದವರು ತಿದ್ದುತ್ತಾರೆ ಎಂಬ ಉತ್ತರ ಬಂತಂತೆ. ಈ ಭಾಗವನ್ನು ತರಗತಿಯಲ್ಲೇ ಓದಿಸಬಹುದು: ಪ್ರವಾಸಿ ಯಾವುದನ್ನು ಸ್ವತಃ ಕಂಡ, ಯಾವುದನ್ನು ದುಭಾಷಿಯಿಂದ ಕೇಳಿದ, ಅಲ್ಲಿ ಹುಡುಗಿಯರು ಏಕೆ ಕಾಣಿಸುವುದಿಲ್ಲ?

ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೆ ಹೊಡೆತ ಬೀಳುವುದಿಲ್ಲವೇ?

ಮುಖ್ಯಶಿಕ್ಷಕರ ಸಭೆಗಳಲ್ಲಿ ಕೊನೆಗೂ ಉಳಿಯುವ ಪ್ರಶ್ನೆ ಇದೊಂದೇ. ಪರೀಕ್ಷೆಯ 80 ಅಂಕಗಳ ಪ್ರಶ್ನೆಪತ್ರಿಕೆಯ ನೀಲನಕ್ಷೆಯನ್ನು ನಾವು ಬದಲಿಸಲಾರೆವು. 20 ಅಂಕಗಳ ಆಂತರಿಕ ಮೌಲ್ಯಮಾಪನ ಮಾತ್ರ ನಮ್ಮ ಕೈಯಲ್ಲಿದೆ, ಮತ್ತು ಚಾರ್ಟ್ ಅಂಟಿಸುವುದರಲ್ಲಿ, ಗೈಡ್‌ನಿಂದ ನಕಲು ಮಾಡಿದ ಯೋಜನಾ ಕಾರ್ಯದಲ್ಲಿ ಅದು ವ್ಯರ್ಥವಾಗುತ್ತಿದೆ. ಒಂದು ರೂಪಣಾತ್ಮಕ ಮೌಲ್ಯಮಾಪನವನ್ನಾದರೂ ಆಧಾರ ಓದುವ ಕೆಲಸಕ್ಕೆ ಮೀಸಲಿಡಬಹುದು.

ಇನ್ನು 80 ಅಂಕಗಳ ಮಾತು. ‘ಶಿವಪ್ಪನಾಯಕನ ಶಿಸ್ತು ಪದ್ಧತಿಯನ್ನು ವಿವರಿಸಿ’ ಎಂಬ, ಕೆಳದಿಯ ಆ ದೊರೆಯ ಕಂದಾಯ ವ್ಯವಸ್ಥೆಯ ಕುರಿತ ಪ್ರಶ್ನೆಗೆ ಉತ್ತರ ಕಲಿಸುವ ಬದಲು, ಗೆಜೆಟಿಯರ್‌ನ ವಿವರವನ್ನೇ ಮಕ್ಕಳ ಮುಂದಿಡಬಹುದು: ಪ್ರತಿ ಹಳ್ಳಿಯಲ್ಲಿ ಒಂದೊಂದು ಬಗೆಯ ಹೊಲವನ್ನು ಹನ್ನೆರಡು ವರ್ಷ ತನ್ನ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಬೀಜ, ಕೂಲಿ, ಇಳುವರಿ, ಬೆಲೆಗಳ ಲೆಕ್ಕವಿಡಿಸಿ, ಸರಾಸರಿ ತೆಗೆದು, ಉತ್ಪನ್ನದ ಮೂರನೆಯ ಒಂದು ಭಾಗವನ್ನು ಸರ್ಕಾರದ ಪಾಲೆಂದು ಗೊತ್ತುಮಾಡಿದ. ಒಂದೇ ವರ್ಷದ ಬೆಳೆ ನೋಡಿ ನಿಗದಿಪಡಿಸಿದ್ದರೆ ಏನಾಗುತ್ತಿತ್ತು? ಕೊಳೆರೋಗ ಬಂದ ವರ್ಷ ಮೂರನೆಯ ಒಂದು ಭಾಗ ಕೊಡುವುದು ಹಗುರವೇ? ಶಿವಪ್ಪನಾಯಕನ ಬಳಿಕ ಎರಡೂವರೆ ಶತಮಾನ ಕಳೆದು ಇದನ್ನು ಬರೆದ ಬ್ರಿಟಿಷ್ ಅಧಿಕಾರಿಗೆ ಇದು ಎಲ್ಲಿಂದ ತಿಳಿದಿರಬಹುದು? ಅಡಿಕೆ ತೋಟದ ಮನೆಯ ಮಕ್ಕಳು ಈ ಪ್ರಶ್ನೆಗಳನ್ನು ಸುಮ್ಮನೆ ಬಿಡುವುದಿಲ್ಲ. ಹೀಗೆ ಚರ್ಚಿಸಿದವರು ನಾಲ್ಕು ಅಂಕದ ಉತ್ತರವನ್ನು ಬರೆಯುವುದಕ್ಕೆ ಗೈಡಿನ ಆರು ಅಂಶಗಳನ್ನು ಉರುಹೊಡೆಯಬೇಕಾಗಿಲ್ಲ. ಆದರೆ ಫೆಬ್ರವರಿಯ ಪಾಸಿಂಗ್ ಪ್ಯಾಕೇಜ್ ದಿನಗಳಲ್ಲಿ ಇದನ್ನು ಆರಂಭಿಸಬೇಡಿ. ಆಗ ಯಾರಿಗೂ ತಾಳ್ಮೆ ಇರುವುದಿಲ್ಲ.

ಮುಕ್ತ ಪ್ರಶ್ನೆಗೆ ಎಲ್ಲ ಉತ್ತರವೂ ಸರಿಯೇ? ಅಂಕ ಕೊಡುವುದು ಹೇಗೆ?

ಎಲ್ಲವೂ ಸರಿಯಲ್ಲ. ಆಧಾರಕ್ಕೆ ವಿರುದ್ಧವಾದ ಉತ್ತರ ತಪ್ಪು, ಕಾಲ ತಪ್ಪಿದ ಉತ್ತರವೂ ತಪ್ಪು. ಐದು ಅಂಕದ ಉತ್ತರವಾದರೆ ಸ್ಪಷ್ಟ ನಿಲುವಿಗೆ ಒಂದು, ಆಧಾರದಿಂದ ಎತ್ತಿಕೊಂಡ ವಿವರಗಳಿಗೆ ಎರಡು, ಬರೆದವರಾರು ಎಂಬುದನ್ನು ಪರಿಗಣಿಸಿದ್ದಕ್ಕೆ ಒಂದು, ತನ್ನ ನಿಲುವಿಗೆ ಒಗ್ಗದ ಸಂಗತಿಯನ್ನೂ ಒಪ್ಪಿಕೊಂಡದ್ದಕ್ಕೆ ಒಂದು ಎಂದು ಹಂಚಬಹುದು. ಈ ಹಂಚಿಕೆಯನ್ನು ಮಕ್ಕಳಿಗೆ ಮೊದಲೇ ತಿಳಿಸಿರಬೇಕು. ಅಕ್ಷರ ದುಂಡಾಗಿದೆ, ಪುಟ ತುಂಬಿದೆ ಎಂಬುದಕ್ಕೆ ಇಲ್ಲಿ ಅಂಕವಿಲ್ಲ.

ಪಠ್ಯಪುಸ್ತಕಕ್ಕಿಂತ ಭಿನ್ನವಾದ ಮಾಹಿತಿಯನ್ನು ಮಕ್ಕಳು ಮೊಬೈಲಿನಲ್ಲಿ ನೋಡಿಬಂದು ಕೇಳಿದರೆ?

ಅದನ್ನೇ ಪಾಠವಾಗಿಸಿ. ಕನ್ನಡದ ಅತಿ ಹಳೆಯ ಶಾಸನ ಸುಮಾರು 450ರ ಹಲ್ಮಿಡಿಯದೆಂದು ತಲೆಮಾರುಗಳು ಓದಿವೆ. ತಾಳಗುಂದದಲ್ಲಿ ಉತ್ಖನನದಿಂದ ದೊರೆತ ಸಿಂಹಕಟಾಂಜನದ (ಸಿಂಹದ ಆಕಾರದ ಮೆಟ್ಟಿಲ ಕೈಪಿಡಿಗಲ್ಲಿನ) ಬರಹವನ್ನು ಸುಮಾರು 370ರದ್ದೆಂದು ಹೇಳಿದ ಮೇಲೆ ಆ ಸ್ಥಾನ ಚರ್ಚೆಗೆ ಬಿದ್ದಿದೆ. ಪರೀಕ್ಷೆಯಲ್ಲಿ ಪಠ್ಯದ ಉತ್ತರ ಬರೆಯಿರಿ ಎಂದು ನೇರವಾಗಿ ಹೇಳಿ, ಹೊಸ ಆಧಾರ ಸಿಕ್ಕಾಗ ಇತಿಹಾಸ ಬದಲಾಗುವುದು ಅದರ ದೌರ್ಬಲ್ಯವೇ ಎಂಬ ಪ್ರಶ್ನೆಗೆ ಅರ್ಧ ಅವಧಿ ಕೊಡಿ. ಮೊಬೈಲಿನ ವಿಡಿಯೊಗೂ ಶಾಸನಕ್ಕೆ ಕೇಳಿದ ಪ್ರಶ್ನೆಗಳನ್ನೇ ಕೇಳಬೇಕು: ಹೇಳಿದವರಾರು, ಯಾವಾಗ, ಯಾರಿಗಾಗಿ, ಬೇರೆ ಯಾರು ಹೇಳಿದ್ದಾರೆ?

ತರಗತಿಯಲ್ಲಿ ಹದಿನೈದೇ ಮಕ್ಕಳಿದ್ದಾರೆ, ಜುಲೈನಲ್ಲಿ ಮಳೆ ರಜೆ, ಕೊಯ್ಲಿನಲ್ಲಿ ಹಾಜರಿ ಕಡಿಮೆ. ಇದೆಲ್ಲ ಸಾಧ್ಯವೇ?

ಹದಿನೈದು ಮಕ್ಕಳೆಂದರೆ ಪಟ್ಟಣದ ಅರವತ್ತರ ತರಗತಿಯವರು ಹೊಟ್ಟೆಕಿಚ್ಚುಪಡುವ ಅನುಕೂಲ. ಪ್ರತಿಯೊಬ್ಬರ ವಾದವನ್ನೂ ಕೇಳಿಸಿಕೊಳ್ಳಬಹುದು. ಮನೆಯವರ ಸಂದರ್ಶನ, ಹಳೆಯ ಕಾಗದಗಳ ಓದು ಮಳೆಗಾಲಕ್ಕೆ ಹೊಂದುತ್ತವೆ. ಕಲ್ಲು, ಕೋಟೆ, ಕೆರೆಗಳ ಕೆಲಸವನ್ನು ಡಿಸೆಂಬರ್ ನಂತರಕ್ಕೆ ಇಟ್ಟುಕೊಳ್ಳಿ.

ಶೈಕ್ಷಣಿಕ ಪ್ರವಾಸವನ್ನು ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಹೆಚ್ಚಿನದಾಗಿಸುವುದು ಹೇಗೆ?

ಒಂದು ದಿನದಲ್ಲಿ ಬಳ್ಳಿಗಾವಿ, ಕೆಳದಿ, ಇಕ್ಕೇರಿ, ಜೋಗ ಎಲ್ಲವನ್ನೂ ಮುಗಿಸುವ ಪ್ರವಾಸದಿಂದ ಉಳಿಯುವುದು ಬಸ್ಸಿನ ನೆನಪು ಮಾತ್ರ. ಒಂದೇ ಸ್ಥಳ, ಅಲ್ಲಿ ಒಂದೇ ಪ್ರಶ್ನೆ ಸಾಕು. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಅಧ್ಯಯನ ನಡೆಯುತ್ತಿತ್ತೆಂದೂ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಸಿಗುತ್ತಿತ್ತೆಂದೂ, ಜೈನ ಬೌದ್ಧ ಸನ್ಯಾಸಿಗಳಿಗೂ ಅಲ್ಲಿ ಊಟವಿತ್ತೆಂದೂ, ರೋಗಿಗಳಿಗೆ ಔಷಧ ಕೊಡುತ್ತಿದ್ದರೆಂದೂ ಉದ್ದವಾಗಿ ಹೇಳುತ್ತದೆ. ಕೇದಾರೇಶ್ವರ ದೇವಾಲಯದ ಅಂಗಳದಲ್ಲಿ ಮಕ್ಕಳನ್ನು ಕೂರಿಸಿ ಇದನ್ನು ಓದಿ, ‘ಇಷ್ಟು ಜನರಿಗೆ ಬೇಕಾದ ಅಕ್ಕಿ ಎಲ್ಲಿಂದ ಬರುತ್ತಿತ್ತು? ಬೆಳೆದವರು, ಬೇಯಿಸಿದವರು ಯಾರು?’ ಎಂದು ಕೇಳಿ, ದಾನಶಾಸನಗಳಲ್ಲಿ ಊರು, ಗದ್ದೆ, ಸುಂಕಗಳ ಹೆಸರು ಹುಡುಕಲು ಬಿಡಬಹುದು. ಹೊಗಳಿಕೆಯ ಶಾಸನದಿಂದ ಆರ್ಥಿಕ ಇತಿಹಾಸಕ್ಕೆ ದಾಟುವ ದಾರಿ ಇದು. ಹೋಗಿಬಂದ ಮೇಲೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲೋ ಕೆಳದಿಯ ವಸ್ತುಸಂಗ್ರಹಾಲಯದಲ್ಲೋ ಅದಕ್ಕೆ ಸಂಬಂಧಿಸಿದ ಇನ್ನೊಂದು ವಸ್ತುವನ್ನು ಹುಡುಕುವ ಕೆಲಸವನ್ನು ಬೇಸಿಗೆ ರಜೆಗೆ ಕೊಡಬಹುದು.

ಊರಿನ ಕಲ್ಲುಗಳನ್ನು ಓದಿಸುವಾಗ ಗಮನಿಸಬೇಕಾದದ್ದು?

ಅಕ್ಷರ ಕಾಣಲೆಂದು ಸುಣ್ಣ, ಸೀಮೆಸುಣ್ಣ, ಎಣ್ಣೆ, ಕುಂಕುಮ ಯಾವುದನ್ನೂ ಬಳಿಯಬಾರದು. ಕಬ್ಬಿಣದ ಬ್ರಷ್ಷಿನಿಂದ ಪಾಚಿ ಉಜ್ಜಬಾರದು. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಇಲ್ಲವೇ ಪಕ್ಕದಿಂದ ಟಾರ್ಚ್ ಬಿಟ್ಟು ಫೋಟೊ ತೆಗೆದರೆ ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ. ಪೂಜೆ ನಡೆಯುವ ಕಲ್ಲಾದರೆ ಊರಿನ ಹಿರಿಯರನ್ನು ಕೇಳಿಯೇ ಹತ್ತಿರ ಹೋಗಬೇಕು. ಎಲ್ಲಿಯೂ ದಾಖಲಾಗದ ಕಲ್ಲು ಸಿಕ್ಕಿತೆಂದು ಅನ್ನಿಸಿದರೆ ಅದನ್ನು ಶಾಲೆಯ ಅಂಗಳಕ್ಕೆ ಸಾಗಿಸದೆ, ಇದ್ದಲ್ಲಿಯೇ ಬಿಟ್ಟು, ಜಾಗದ ಗುರುತು, ಅಳತೆ, ಫೋಟೊಗಳೊಂದಿಗೆ ಪುರಾತತ್ತ್ವ ಇಲಾಖೆಗೆ ಪತ್ರ ಬರೆಯಬೇಕು. ಆ ಪತ್ರವನ್ನು ಮಕ್ಕಳೇ ಬರೆಯಲಿ, ಕೆಳಗೆ ಅವರದೇ ಸಹಿಯಿರಲಿ, ಮುಖ್ಯಶಿಕ್ಷಕರ ಮೊಹರು ಅದರ ಕೆಳಗೆ ಬೀಳಲಿ.